ಕೆಂಪನ ಗ್ರಹ ಮತ್ತು ಅಳತೆಯಕ್ಕನ ಎಡಗಣ್ಣು

ವೀಕ್ಷಣಾಲಯದಲ್ಲಿ ಅವಳನ್ನು ಎಲ್ಲರೂ ಅಳತೆಯಕ್ಕ ಎಂದೇ ಕರೆಯುತ್ತಿದ್ದರು. ಗೇಟಿನ ಕಾವಲುಗಾರನಿಗೂ ಅವಳು ಅಳತೆಯಕ್ಕ, ಡೈರೆಕ್ಟರಿಗೂ ಅಳತೆಯಕ್ಕ. ವೀಕ್ಷಣಾಲಯದಲ್ಲಿ ಕೆಲಸ ಎಂದ ಕೂಡಲೇ ಜನ ಅವಳು ದೂರದರ್ಶಕಕ್ಕೆ ಕಣ್ಣಿಟ್ಟು ರಾತ್ರಿಯಿಡೀ ನಕ್ಷತ್ರ ನೋಡುವವಳೆಂದು ತಿಳಿದು ಬೆರಗಾಗುತ್ತಿದ್ದರು. ಅಂಥದ್ದೇನೂ ಇಲ್ಲ. ಬೆಳಗ್ಗೆ ಒಂಬತ್ತೂವರೆಗೆ ಊಟದ ಡಬ್ಬಿ ಹಿಡಿದು ಬರುವುದು, ಸಂಜೆ ಐದಕ್ಕೆ ಹೊರಡುವುದು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಅವಳು ದೂರದರ್ಶಕದ ಕಟ್ಟಡದೊಳಗೆ ಕಾಲಿಟ್ಟಿದ್ದು ನಾಲ್ಕೋ ಐದೋ ಸಲ. ಅದೂ ಹಾಡಹಗಲಲ್ಲಿ, ಯಾರದೋ ಸಹಿ ಹಾಕಿಸಿಕೊಳ್ಳಲು.

ಅವಳ ಕೆಲಸ ನಡೆಯುತ್ತಿದ್ದುದು ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ. ಆಕಾಶದ ಫೋಟೋಗಳನ್ನು ಇನ್ನೂ ಗಾಜಿನ ಮೇಲೇ ತೆಗೆಯುತ್ತಿದ್ದ ಕಾಲ ಅದು. ರಾತ್ರಿಪಾಳಿಯವರು ತೆಗೆದ ಗಾಜುಗಳು ಕಂದು ಲಕೋಟೆಗಳಲ್ಲಿ ಅವಳ ಮೇಜಿಗೆ ಬರುತ್ತಿದ್ದವು. ಗಾಜಿನಲ್ಲಿ ಆಕಾಶ ತಿರುವುಮುರುವು. ಕತ್ತಲೆಯೆಲ್ಲ ತಿಳಿಯಾಗಿ, ನಕ್ಷತ್ರಗಳೆಲ್ಲ ಪೆನ್ನಿನ ಮೊನೆಯಿಂದ ಇಟ್ಟ ಹಾಗೆ ಕಪ್ಪು ಚುಕ್ಕೆಗಳಾಗಿ ಕಾಣುತ್ತಿದ್ದವು. ಅಳೆಯುವ ಯಂತ್ರದ ಮೇಲೆ ಗಾಜನ್ನು ಕೂರಿಸಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಹಿತ್ತಾಳೆಯ ತಿರುಪನ್ನು ತಿರುಗಿಸುತ್ತ ಒಂದು ಸಣ್ಣ ಗೆರೆಯನ್ನು ಚುಕ್ಕೆಯ ನಟ್ಟನಡುವೆ ತಂದು ನಿಲ್ಲಿಸಬೇಕು. ನಿಂತ ಮೇಲೆ ಅಂಕಿ ಓದಿ ಬರೆದುಕೊಳ್ಳಬೇಕು. ಹೇಳಲು ಇಷ್ಟೇ, ಮಾಡಲು ಕೂತರೆ ಬೆವರಿಳಿಯುತ್ತದೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿ, ಅದರಲ್ಲಿ ಒಂದು ಪಾಲು ಆಚೀಚೆಯಾದರೂ ಆಕಾಶದಲ್ಲಿ ಎಡವಟ್ಟಾಗುತ್ತದೆ.

ಅವಳ ಪಾಲಿಗೆ ಬಂದದ್ದು ಒಂದೇ ನಕ್ಷತ್ರ. ಅದು ಕೆಂಪು ಕುಬ್ಜ. ಸೂರ್ಯನ ಮುಂದೆ ನಿಲ್ಲಿಸಿದರೆ ಒಲೆಯಲ್ಲಿ ಉಳಿದ ಕೆಂಡ, ಅಷ್ಟು ಸಣ್ಣದು, ಅಷ್ಟು ಮಂಕು. ನಮ್ಮ ಸೂರ್ಯನಿಗೆ ಅದು ನೆರೆಮನೆಯೇ. ಅಲ್ಲಿಂದ ಹೊರಟ ಬೆಳಕಿಗೆ ಇಲ್ಲಿಗೆ ಬರಲು ಏಳೆಂಟು ವರ್ಷ ಸಾಕು. ಆದರೂ ಬರಿಗಣ್ಣಿಗೆ ಕಾಣದು. ಹತ್ತಿರವಿರುವುದರಿಂದಲೇ ಅದರ ಓಡಾಟ ಮಾತ್ರ ತಿಳಿಯುತ್ತದೆ. ದೂರದ ನಕ್ಷತ್ರಗಳು ಗಾಜಿನಿಂದ ಗಾಜಿಗೆ ಕೂತಲ್ಲೇ ಕೂತಿದ್ದರೆ, ಇದು ವರ್ಷಕ್ಕೆ ಎರಡು ಮೂರು ಕೂದಲು ಒತ್ತಿಟ್ಟಷ್ಟು ದೂರ ನಡೆದುಬಿಡುತ್ತದೆ. ಅಳತೆಕೋಣೆಯವರು ಅದಕ್ಕೆ ಕೆಂಪ ಎಂದು ಹೆಸರಿಟ್ಟಿದ್ದರು. ‘ಕೆಂಪ ಇವತ್ತು ಹೇಗಿದ್ದಾನೆ?’ ಎಂದು ಕೇಳುವುದು, ‘ಇದ್ದಾನೆ, ಹೊರಟಿದ್ದಾನೆ’ ಎನ್ನುವುದು ಅಲ್ಲಿ ವಾಡಿಕೆ.

ಕೆಂಪನ ಯಜಮಾನರು ಮೇಷ್ಟ್ರು. ದೊಡ್ಡ ಪ್ರೊಫೆಸರಾದರೂ ಎಲ್ಲರ ಬಾಯಲ್ಲೂ ಮೇಷ್ಟ್ರೇ. ಅವರ ಆಸೆ ಒಂದೇ. ಕೆಂಪನ ಸುತ್ತ ಗ್ರಹವೊಂದಿದ್ದರೆ ಅದು ಅವನನ್ನು ಅಷ್ಟಿಷ್ಟು ಎಳೆದಾಡಬೇಕು. ಎಳೆದಾಡಿದರೆ ಅವನ ದಾರಿ ನೇರವಾಗಿರದೆ ತುಸು ಬಳುಕಬೇಕು. ಆ ಬಳುಕು ಗಾಜಿನಲ್ಲಿ ಸಿಗಬೇಕು. ಸೂರ್ಯನ ಮಕ್ಕಳನ್ನು ಬಿಟ್ಟರೆ ಬೇರೆ ನಕ್ಷತ್ರದ ಒಂದು ಗ್ರಹವನ್ನೂ ಯಾರೂ ಕಂಡಿರದಿದ್ದ ದಿನಗಳವು. ಮೇಷ್ಟ್ರು ಹತ್ತು ವರ್ಷದಿಂದ ಆ ಒಂದು ಬಳುಕಿಗಾಗಿ ಕಾದು ಕೂತಿದ್ದರು. ಮನೆ, ಸಂಸಾರ ಎಲ್ಲವನ್ನೂ ಹೆಂಡತಿಯ ತಲೆಗೆ ಕಟ್ಟಿದ್ದರು.

ಅಳತೆಯಕ್ಕ ಬಂದದ್ದು ಟೈಪಿಂಗ್ ಕೆಲಸಕ್ಕೆ. ಎರಡು ವರ್ಷ ಪತ್ರ ಟೈಪು ಮಾಡಿದಳು. ಒಂದು ದಿನ ಅಳೆಯುವವನೊಬ್ಬ ರಜೆ ಹಾಕಿದ್ದಕ್ಕೆ ಮೇಷ್ಟ್ರು ಅವಳನ್ನು ಯಂತ್ರದ ಮುಂದೆ ಕೂರಿಸಿದರು. ಒಂದೇ ಚುಕ್ಕೆಯನ್ನು ಹತ್ತು ಸಲ ಅಳೆಸಿದರು. ಹತ್ತೂ ಸಲ ಹೆಚ್ಚುಕಡಿಮೆ ಒಂದೇ ಅಂಕಿ ಬಂತು. ರಜೆ ಮುಗಿಸಿ ಬಂದವನು ಬೇರೆ ಕೆಲಸ ಹುಡುಕಿಕೊಳ್ಳಬೇಕಾಯಿತು.

ಇಲ್ಲೊಂದು ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮನುಷ್ಯರ ಕಣ್ಣಿಗೆ ಒಂದು ವಾಲು ಇರುತ್ತದೆ. ನಡುವೆ ಇಟ್ಟೆ ಎಂದು ಆಣೆ ಮಾಡಿ ಹೇಳುವವರೂ ಗೆರೆಯನ್ನು ಎಳ್ಳಿನ ನೂರನೇ ಪಾಲು ಎಡಕ್ಕೋ ಬಲಕ್ಕೋ ಇಟ್ಟಿರುತ್ತಾರೆ. ಚುಕ್ಕೆ ದಪ್ಪವಿದ್ದಷ್ಟೂ ವಾಲು ಹೆಚ್ಚು. ಗಾಜಿನಲ್ಲಿ ಕೆಂಪನ ಚುಕ್ಕೆ ಸುತ್ತಲಿನವಕ್ಕಿಂತ ದಪ್ಪ. ಅದಕ್ಕೇ ಗಾಜನ್ನು ಒಮ್ಮೆ ನೇರವಾಗಿಟ್ಟು, ಮತ್ತೊಮ್ಮೆ ತಲೆಕೆಳಗಾಗಿ ತಿರುಗಿಸಿಟ್ಟು ಎರಡು ಸಲ ಅಳೆಯುವುದು ಪದ್ಧತಿ. ಎಡದ ತಪ್ಪು ಬಲದ ತಪ್ಪಿಗೆ ವಜಾ ಆಗುತ್ತದೆ. ಐದು ವರ್ಷ ಅಳತೆಯಕ್ಕ ಹಾಗೇ ಅಳೆದಳು. ಗಾಜುಗಳ ರಾಶಿ ಬೆಳೆಯುತ್ತ ಹೋಯಿತು. ಒಂದು ದಿನ ಮೇಷ್ಟ್ರು ಬಂದು, ‘ತಿರುಗಿಸೋದು ಇನ್ನು ಸಾಕಮ್ಮ. ನಿನ್ನ ಕಣ್ಣಿಗೆ ಇನ್ನೊಬ್ಬರ ಸಾಕ್ಷಿ ಬೇಕಾ?’ ಎಂದರು. ಹಿಗ್ಗಿ ಹೀರೇಕಾಯಿಯಾದಳು ಅವಳು. ಆ ಮಾತನ್ನು ಮನೆಯಲ್ಲಿ ಗಂಡನಿಗೆ ಮೂರು ಸಲ ಹೇಳಿದಳು.

ಗಂಡ ಸಿಟಿ ಬಸ್ಸಿನ ಡ್ರೈವರು. ‘ನಾನು ದಿನಾ ನಲವತ್ತು ಸ್ಟಾಪು ಹೋಗಿ ಬರ್ತೀನಿ, ಯಾರೂ ಮೂಸಿ ನೋಡಲ್ಲ. ನಿನ್ನ ಕೆಂಪ ವರ್ಷಕ್ಕೆ ಮೂರು ಕೂದಲು ನಡೀತಾನೆ, ಅವನಿಗೆ ಎಷ್ಟು ಮರ್ಯಾದೆ!’ ಎಂದು ರೇಗಿಸಿದ.

ಎರಡು ವರ್ಷ ಕಳೆಯಿತು. ಚಿಕ್ಕಂದಿನಲ್ಲಿ ಅವಳ ಬಲಗಣ್ಣಿಗೆ ಚೆಂಡು ಬಡಿದಿತ್ತಂತೆ. ಅದರ ಫಲವೋ ಏನೋ, ಮೂವತ್ತನಾಲ್ಕು ತುಂಬುವ ಮೊದಲೇ ಆ ಕಣ್ಣಿಗೆ ಪೊರೆ ಬರತೊಡಗಿತು. ಮೊದಮೊದಲು ಸೂಕ್ಷ್ಮದರ್ಶಕದ ಗಾಜಿಗೆ ಉಸಿರು ತಾಗಿದೆಯೆಂದು ಒರೆಸಿದಳು. ಎಷ್ಟು ಒರೆಸಿದರೂ ಮಂಜು ಹೋಗಲಿಲ್ಲ. ಕಣ್ಣು ಹೋದರೆ ಯಂತ್ರ ಹೋಯಿತು. ಯಂತ್ರ ಹೋದರೆ ಅವಳು ಮತ್ತೆ ಟೈಪು ಮಾಡುವ ಹತ್ತು ಹುಡುಗಿಯರಲ್ಲಿ ಒಬ್ಬಳು. ಯಾರಿಗೂ ಉಸಿರೆತ್ತದೆ ಎಡಗಣ್ಣಿನಲ್ಲಿ ಅಳೆಯಲು ಕಲಿತಳು. ಆರಂಭದಲ್ಲಿ ಬೆಳಗ್ಗೆ ಬಲಗಣ್ಣು, ಅದು ದಣಿದ ಮೇಲೆ ಎಡಗಣ್ಣು. ಬರಬರುತ್ತ ಎಡಗಣ್ಣಿನ ಪಾಳಿಯೇ ಹೆಚ್ಚಿತು. ನಾಲ್ಕೈದು ವರ್ಷದಲ್ಲಿ ಬಲಗಣ್ಣು ಹೆಸರಿಗೆ ಮಾತ್ರ ಉಳಿಯಿತು. ಎಡಗಣ್ಣಿನಲ್ಲೂ ಹತ್ತು ಸಲಕ್ಕೆ ಹತ್ತೂ ಒಂದೇ ಅಂಕಿ ಬರುತ್ತಿತ್ತು. ಅಳತೆ ಸರಿಯಿದ್ದರಾಯಿತಲ್ಲ, ಯಾವ ಕಣ್ಣಾದರೇನು ಎಂದು ಅವಳು ತನ್ನನ್ನು ತಾನೇ ಒಪ್ಪಿಸಿಕೊಂಡಳು. ಪಾಪ, ಅವಳನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅನ್ನದ ಪ್ರಶ್ನೆ ಬಂದಾಗ ನಾವೆಲ್ಲ ಒಪ್ಪಿಸಿಕೊಂಡವರೇ.

ಹೀಗೆ ಎಂಟು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಮೇಷ್ಟ್ರು ಅಳತೆಕೋಣೆಗೆ ಓಡಿಬಂದರು. ಅವರು ಓಡಿದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಕೈಯಲ್ಲಿ ಒಂದು ಗೆರೆಹಾಳೆ. ಮೊದಲ ವರ್ಷಗಳಲ್ಲಿ ನೆಟ್ಟಗೆ ಬಂದ ಕೆಂಪನ ದಾರಿ ಅಲ್ಲಿಂದಾಚೆಗೆ ಮೆಲ್ಲಗೆ ಒಂದು ಪಕ್ಕಕ್ಕೆ ಬಾಗಿತ್ತು. ‘ಸಿಕ್ಕಿತಮ್ಮ! ಗುರುಗ್ರಹದಷ್ಟು ದೊಡ್ಡದು. ಒಂದು ಸುತ್ತಿಗೆ ಇಪ್ಪತ್ತನಾಲ್ಕು ವರ್ಷ. ಅರ್ಧ ಸುತ್ತು ಕಂಡಿದೆ, ಇನ್ನರ್ಧ ಬರಬೇಕು!’ ಎನ್ನುವಾಗ ಅವರ ಕಣ್ಣಲ್ಲಿ ನೀರಾಡಿತು. ಅಳತೆಯಕ್ಕನೂ ಅತ್ತಳು. ಪತ್ರಿಕೆಗಳು ಬರೆದವು, ಶಾಲೆಯ ಪುಸ್ತಕದಲ್ಲಿ ಎರಡು ಸಾಲು ಸೇರಿತು. ಮೇಷ್ಟ್ರು ಲೇಖನದ ಕೊನೆಯಲ್ಲಿ ಅವಳ ಹೆಸರು ಹಾಕಿ, ಈ ಗ್ರಹವನ್ನು ಮೊದಲು ಮುಟ್ಟಿದ್ದು ಆಕೆಯ ಕಣ್ಣು ಎಂದು ಬರೆದರು. ಡ್ರೈವರು ಆ ಹಾಳೆಯನ್ನು ಡಿಪೋದಲ್ಲಿ ಎಲ್ಲರಿಗೂ ತೋರಿಸಿ, ಓದಲು ಬಾರದವರಿಗೂ ಓದಿ ಹೇಳಿದ.

ಎರಡು ವರ್ಷ ಕಳೆಯುವಷ್ಟರಲ್ಲಿ ಸಮುದ್ರದಾಚೆಯ ಒಂದು ವೀಕ್ಷಣಾಲಯದಿಂದ ಪತ್ರ ಬಂತು. ತಮ್ಮ ಗಾಜುಗಳಲ್ಲಿ ಕೆಂಪ ಗೆರೆ ಎಳೆದ ಹಾಗೆ ನೆಟ್ಟಗೆ ಹೋಗುತ್ತಿದ್ದಾನೆ, ಬಳುಕೂ ಇಲ್ಲ ಕುಲುಕೂ ಇಲ್ಲ ಎಂದು ಅದರಲ್ಲಿತ್ತು. ಮೇಷ್ಟ್ರು ಕಿಡಿಕಿಡಿಯಾದರು. ಅವರ ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಪತ್ರಗಳು ಅತ್ತಿಂದಿತ್ತ ಓಡಾಡಿದವು.

ಇತ್ತ ಅಳತೆಯಕ್ಕನ ಎಡಗಣ್ಣೂ ಬೇಗ ದಣಿಯತೊಡಗಿತ್ತು. ತಂಗಿಯ ಮನೆಗೆ ಹೋಗುತ್ತೇನೆಂದು ಸುಳ್ಳು ಹೇಳಿ ಆರು ವಾರ ರಜೆ ಪಡೆದು ಬಲಗಣ್ಣಿನ ಪೊರೆ ತೆಗೆಸಿಕೊಂಡಳು. ಪಟ್ಟಿ ಬಿಚ್ಚಿದಾಗ ಗಂಡನ ಮುಖ ನೋಡಿ, ‘ರೀ, ನಿಮಗೆ ಇಷ್ಟು ಕೂದಲು ಬೆಳ್ಳಗಾಗಿದ್ದು ಯಾವಾಗ?’ ಎಂದಳು. ‘ಆಪರೇಷನ್ ಮಾಡಿಸಿದ್ದೇ ತಪ್ಪಾಯ್ತು’ ಎಂದ ಡ್ರೈವರು.

ಕೆಲಸಕ್ಕೆ ಮರಳಿದ ವಾರವೇ ಮೇಷ್ಟ್ರು ಕರೆದರು. ‘ಬೇರೆ ಬೇರೆ ವರ್ಷದ ಹತ್ತೇ ಹತ್ತು ಗಾಜು ಇನ್ನೊಂದು ಸಲ ಅಳೆದುಕೊಡು. ಅದನ್ನ ಕಳಿಸಿ ಅವರ ಬಾಯಿ ಮುಚ್ಚಿಸ್ತೀನಿ’ ಎಂದರು. ಅವಳು ಹುರುಪಿನಿಂದ ಕೂತಳು. ಬಲಗಣ್ಣು ಈಗ ಕನ್ನಡಿಯಷ್ಟು ಸ್ವಚ್ಛ, ತಾನಾಗಿಯೇ ಸೂಕ್ಷ್ಮದರ್ಶಕಕ್ಕೆ ಹೋಗಿ ಕೂತಿತು. ಹತ್ತು ಗಾಜು ಅಳೆದು ಅಂಕಿಗಳನ್ನು ಹಾಳೆಯ ಮೇಲೆ ಸಾಲಾಗಿ ಗುರುತಿಸಿ ನೋಡಿದಳು. ಕೆಂಪ ನೆಟ್ಟಗೆ ಹೋಗುತ್ತಿದ್ದ.

ಎಲ್ಲೋ ಕೈತಪ್ಪಿರಬೇಕೆಂದು ಮತ್ತೆ ಅಳೆದಳು. ಮತ್ತೆ ನೆಟ್ಟಗೆ. ಆಗ ಅವಳು ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಎಡಗಣ್ಣಿಟ್ಟಳು. ಸಣ್ಣ ಚುಕ್ಕೆಗಳಲ್ಲಿ ಎರಡು ಕಣ್ಣೂ ಒಂದೇ ಮಾತು ಹೇಳಿದವು. ಕೆಂಪನ ದಪ್ಪ ಚುಕ್ಕೆಗೆ ಬಂದಾಗ ಎಡಗಣ್ಣು ಗೆರೆಯನ್ನು ಒಂದಿಷ್ಟು ಬಲಕ್ಕೆ ಇಟ್ಟಿತು, ಹತ್ತು ಗಾಜಿನಲ್ಲೂ ಅಷ್ಟಷ್ಟೇ. ಹಿಂದೆ ತಾನು ಯಾವ ವರ್ಷ ಯಾವ ಕಣ್ಣನ್ನು ಎಷ್ಟು ಬಳಸಿದ್ದೆನೆಂದು ಅವಳಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಬಲಗಣ್ಣು ಮಂಜಾದ ವರ್ಷದಿಂದ ಕೆಂಪ ಬಾಗತೊಡಗಿದ್ದ. ಎಡಗಣ್ಣಿನ ಪಾಳಿ ಹೆಚ್ಚಿದಷ್ಟೂ ಹೆಚ್ಚು ಬಾಗಿದ್ದ. ಗುರುಗ್ರಹದಷ್ಟು ದೊಡ್ಡ ಆ ಗ್ರಹ ಕೆಂಪನ ಸುತ್ತ ಎಂದೂ ಇರಲೇ ಇಲ್ಲ. ಅದು ಅವಳ ಎಡಗಣ್ಣಿನಲ್ಲಿತ್ತು.

ಅವತ್ತು ಸಂಜೆ ಎರಡು ಹಾಳೆ ಮಾಡಿದಳು. ಒಂದು ಬಲಗಣ್ಣಿನದು, ಒಂದು ಎಡಗಣ್ಣಿನದು. ಎಡಗಣ್ಣಿನ ಹಾಳೆ ಕೊಟ್ಟರೆ ಮೇಷ್ಟ್ರ ಗ್ರಹ ಉಳಿಯುತ್ತದೆ, ಅವಳ ಕೆಲಸ ಉಳಿಯುತ್ತದೆ, ಜಗತ್ತಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಬಲಗಣ್ಣಿನದನ್ನು ಕೊಟ್ಟರೆ ಒಬ್ಬ ಮನುಷ್ಯನ ಮೂವತ್ತು ವರ್ಷ ಮಣ್ಣುಪಾಲು. ಎರಡನ್ನೂ ಚೀಲದಲ್ಲಿಟ್ಟುಕೊಂಡು ಮನೆಗೆ ಬಂದು ಗಂಡನ ಮುಂದೆ ಎಲ್ಲ ಹೇಳಿದಳು.

ಡ್ರೈವರು ತಲೆ ಕೆರೆದುಕೊಂಡ. ‘ಎಡಗಣ್ಣಿಂದೇ ಕೊಟ್ಟುಬಿಡು ಕಣೇ. ಆ ಗ್ರಹದಿಂದ ಯಾರಿಗೆ ಏನು ತೊಂದರೆ? ಅದೇನು ನಮ್ಮ ರೂಟಿಗೆ ಅಡ್ಡ ಬರುತ್ತಾ?’

‘ಯಾರಿಗೂ ತೊಂದರೆ ಇಲ್ಲ. ಆದ್ರೆ ಇನ್ನರ್ಧ ಸುತ್ತು ಬರುತ್ತೆ ಅಂತ ಕಾಯ್ತಾ ಇದಾರಲ್ಲ ಅವರು. ನಿವೃತ್ತಿ ಆದ ಮೇಲೂ ಕಾಯ್ತಾರೆ. ಬರೋದೇ ಇಲ್ಲ ಅಂತ ನನಗೊಬ್ಬಳಿಗೆ ಗೊತ್ತಿರುತ್ತೆ. ದಿನಾ ನಮಸ್ಕಾರ ಸಾರ್ ಅಂತ ಹೇಗ್ರೀ ಅನ್ನಲಿ?’

ಬೆಳಗ್ಗೆ ಅವಳು ಮೇಷ್ಟ್ರ ಕೋಣೆಗೆ ಹೋಗಿ ಎರಡೂ ಹಾಳೆಯನ್ನು ಮೇಜಿನ ಮೇಲಿಟ್ಟಳು.

‘ಇದೇನಮ್ಮ ಎರಡು?’

‘ಇದು ಬಲಗಣ್ಣಿಂದು ಸಾರ್. ಇದು ಎಡಗಣ್ಣಿಂದು.’

ಮೇಷ್ಟ್ರು ದಡ್ಡರಲ್ಲ. ಹಾಳೆಗಳ ಮೇಲೆ ಒಮ್ಮೆ ಬೆರಳಾಡಿಸಿದರು. ಕನ್ನಡಕ ತೆಗೆದಿಟ್ಟರು. ‘ಎಷ್ಟು ವರ್ಷದಿಂದ?’ ಎಂದಷ್ಟೇ ಕೇಳಿದರು.

‘ಹನ್ನೊಂದು.’

‘ನನಗೊಂದು ಮಾತು ಹೇಳಬಾರದಿತ್ತಾ?’ ಅವರ ದನಿ ಏರಿತು. ಪಕ್ಕದ ಕೋಣೆಯ ಟೈಪಿಂಗ್ ಸದ್ದು ನಿಂತಿತು. ‘ಹನ್ನೊಂದು ವರ್ಷದಲ್ಲಿ ಒಂದೇ ಒಂದು ಮಾತು!’

‘ಹೇಳಿದ್ರೆ ನನ್ನನ್ನ ಆ ಮೆಷಿನ್ ಮುಂದೆ ಕೂರಿಸ್ತಿದ್ರಾ ಸಾರ್?’

‘ಇಲ್ಲ’ ಎಂದರು ಮೇಷ್ಟ್ರು. ‘ಟೈಪಿಂಗ್‌ಗೆ ಕಳಿಸ್ತಿದ್ದೆ.’ ತಮಗೆ ತಾವೇ ಎಂಬಂತೆ, ‘ಗಾಜು ತಿರುಗಿಸೋದು ಬೇಡ ಅಂದೋನು ನಾನು. ತಿರುಗಿಸಿದ್ರೆ ಯಾವ ಕಣ್ಣಾದ್ರೂ ಪರವಾಗಿರಲಿಲ್ಲ’ ಎಂದರು. ಆಮೇಲೆ ಹೋಗು ಎನ್ನುವಂತೆ ಕೈ ಮಾಡಿದರು.

ಮೂರು ವಾರ ಅವರು ಅವಳ ಮುಖ ನೋಡಲಿಲ್ಲ. ಅವಳು ಬಂದು ಖಾಲಿ ಯಂತ್ರದ ಮುಂದೆ ಕೂತು, ಸಂಜೆ ಎದ್ದು ಹೋಗುತ್ತಿದ್ದಳು. ನಾಲ್ಕನೇ ವಾರ ಸೋಮವಾರ ಮೇಷ್ಟ್ರು ಅಳತೆಕೋಣೆಗೆ ಬಂದು ಕುರ್ಚಿ ಎಳೆದುಕೊಂಡು, ಅಂಗಿಯ ತೋಳು ಮಡಿಸಿ ಪೆನ್ಸಿಲ್ ಹಿಡಿದರು. ‘ಶುರು ಮಾಡು. ನೀನು ಓದು, ನಾನು ಬರ್ಕೋತೀನಿ. ಗಾಜು ತಿರುಗಿಸು, ಎರಡು ಕಣ್ಣಲ್ಲೂ ಅಳೆ’ ಎಂದರು. ಗುಮಾಸ್ತನ ಕೆಲಸ ಅದು. ಹದಿನಾಲ್ಕು ತಿಂಗಳು ಆ ದೊಡ್ಡ ಮನುಷ್ಯ ಅದನ್ನು ಮಾಡಿದರು. ಒಂದೊಂದು ಗಾಜಿಗೂ ಗ್ರಹ ಚೂರು ಚೂರೇ ಕರಗುವುದನ್ನು ತಮ್ಮ ಕೈಯಾರೆ ಬರೆದುಕೊಂಡರು. ಕೊನೆಯ ಗಾಜು ಮುಗಿದ ಮೇಲೆ ಒಂದೂವರೆ ಪುಟದ ಲೇಖನ ಕಳಿಸಿದರು. ಗ್ರಹವಿಲ್ಲ, ತಪ್ಪು ನನ್ನದು, ತಿರುಗಿಸಿ ಅಳೆಯುವುದನ್ನು ನಿಲ್ಲಿಸಿದವನು ನಾನು ಎಂದು ಅದರಲ್ಲಿತ್ತು. ಅವಳ ಕಣ್ಣಿನ ಮಾತು ಎಲ್ಲೂ ಇರಲಿಲ್ಲ. ಟೈಪು ಮಾಡಿಕೊಟ್ಟವಳು ಅವಳೇ. ಮಾಡುವಾಗ ಎರಡು ಸಲ ಎದ್ದು ಹೋಗಿ ಮುಖ ತೊಳೆದು ಬಂದಳಂತೆ.

ಮೇಷ್ಟ್ರು ನಿವೃತ್ತರಾದರು. ಗಾಜಿನ ಕಾಲ ಮುಗಿದು ಕಂಪ್ಯೂಟರುಗಳು ಬಂದವು. ಅಳತೆಯಕ್ಕ ಐವತ್ತೈದಕ್ಕೆ ಮನೆ ಸೇರಿದಳು. ಆದರೂ ತಿಂಗಳಿಗೊಮ್ಮೆ ಮೇಷ್ಟ್ರ ಮನೆಗೆ ಹೋಗಿ ಬರುವುದನ್ನು ಬಿಡಲಿಲ್ಲ. ಅವರು ಎಂಬತ್ತೇಳಕ್ಕೆ ತೀರಿಕೊಂಡ ಮೇಲೂ ಅವರ ಹೆಂಡತಿಯನ್ನು ನೋಡಲು ಹೋಗುತ್ತಿದ್ದಳು.

ಅವಳಿಗೆ ಎಪ್ಪತ್ತೆಂಟಾದಾಗ ಪತ್ರಿಕೆಯಲ್ಲಿ ಸುದ್ದಿ ಬಂತು. ಕೆಂಪನಿಗೆ ನಾಲ್ಕು ಗ್ರಹಗಳಿವೆ. ಯಾರ ಕಣ್ಣೂ ಬೇಡದ ಹೊಸ ಯಂತ್ರಗಳು, ಕೆಂಪ ನಮ್ಮ ಕಡೆಗೆ ಒಂದು ಹೆಜ್ಜೆ ಬಂದು ಆಚೆಗೊಂದು ಹೆಜ್ಜೆ ಹೋಗುವುದನ್ನು ಅವನ ಬೆಳಕಿನಲ್ಲೇ ಓದಿ ಹೇಳಿದ್ದವು. ನಾಲ್ಕೂ ಭೂಮಿಗಿಂತ ಸಣ್ಣವು. ಬಾಣಂತಿಯ ಮಗ್ಗುಲು ಬಿಡದ ಕೂಸಿನ ಹಾಗೆ ಕೆಂಪನಿಗೆ ಅಂಟಿಕೊಂಡೇ ಸುತ್ತುತ್ತಿದ್ದವು. ಅಕ್ಕ ಸುದ್ದಿಯನ್ನು ಎರಡು ಸಲ ಓದಿ ಮುಗಿಸುವಷ್ಟರಲ್ಲಿ ಫೋನು ಬಂತು. ಮೇಷ್ಟ್ರ ಹೆಂಡತಿ. ತೊಂಬತ್ತೊಂದರ ಮುದುಕಿ, ದನಿ ನಡುಗುತ್ತಿತ್ತು.

‘ಪೇಪರ್ ನೋಡಿದ್ಯೇನೇ? ಕೆಂಪನಿಗೆ ಗ್ರಹ ಇದೆಯಂತೆ! ಇವರು ಹೇಳಿದ್ದು ನಿಜ ಆಯ್ತಲ್ಲ?’

ಎದುರು ಕುರ್ಚಿಯಲ್ಲಿದ್ದ ಡ್ರೈವರು ಎಲ್ಲ ಕೇಳಿಸಿಕೊಂಡು, ಹೌದನ್ನು, ಹೌದನ್ನು ಎಂದು ತಲೆಯಾಡಿಸಿ ಸನ್ನೆ ಮಾಡಿದ. ಹೌದು ಎಂದರೆ ಹೋಗುವುದೇನು? ಆ ಜೀವಕ್ಕೆ ಒಂದಿಷ್ಟು ನೆಮ್ಮದಿ. ಮೇಷ್ಟ್ರು ಆ ಒಂದೂವರೆ ಪುಟ ಬರೆದ ಚಳಿಗಾಲ ಎಷ್ಟು ಸೊರಗಿದ್ದರೆಂದು ಕಂಡವಳು ಆಕೆಯೇ. ಅಕ್ಕ ಕಣ್ಣು ಮುಚ್ಚಿಕೊಂಡಳು.

‘ಇಲ್ಲಮ್ಮ. ಇವು ಆ ಗ್ರಹ ಅಲ್ಲ. ನಾವು ಹೇಳಿದ್ದು ಗುರುವಿನಷ್ಟು ದೊಡ್ಡದು, ದೂರದಲ್ಲಿ ಸುತ್ತೋದು. ಇವು ಪುಟ್ಟವು. ನಮ್ಮ ಗಾಜಿನಲ್ಲಿ ಇವು ಕಾಣೋ ಹಾಗೇ ಇರಲಿಲ್ಲ.’

ಡ್ರೈವರು ಹಣೆ ಚಚ್ಚಿಕೊಂಡ.

‘ಖಾತ್ರಿನಾ?’ ಎಂದಳು ಮುದುಕಿ.

‘ಖಾತ್ರಿ ಅಮ್ಮ.’

‘ಸರಿ ಬಿಡು. ಬೆಳಗ್ಗಿಂದ ಏಳು ಜನ ಫೋನ್ ಮಾಡಿ, ಮೇಷ್ಟ್ರು ಗೆದ್ರು ಮೇಷ್ಟ್ರು ಗೆದ್ರು ಅಂದ್ರು. ಒಬ್ಬರ ಮಾತೂ ಮನಸ್ಸಿಗೆ ಹತ್ತಲಿಲ್ಲ. ನಿನ್ನ ಕೇಳಿದ್ರೆ ಗೊತ್ತಾಗುತ್ತೆ ಅಂತ ನಾನೇ ಮಾಡಿದೆ.’ ಮುದುಕಿ ಮೂಗು ಒರೆಸಿಕೊಂಡದ್ದು ಕೇಳಿಸಿತು. ‘ಹಾಗಾದ್ರೆ ಈ ನಾಲ್ಕು ಹೇಗಿವೆ ಹೇಳು. ಇವರಿದ್ದಿದ್ರೆ ಬೆಳಗ್ಗೆನೇ ಕೂರಿಸಿಕೊಂಡು ಹೇಳ್ತಿದ್ರು.’

ಅಕ್ಕ ಪತ್ರಿಕೆ ಎಳೆದುಕೊಂಡು ಹೇಳತೊಡಗಿದಳು. ಅಲ್ಲಿ ಬಿಸಿ ಬಹಳವಂತೆ, ನೀರು ನಿಲ್ಲುವುದಿಲ್ಲವಂತೆ. ಒಂದು ಗ್ರಹಕ್ಕಂತೂ ಕೆಂಪನನ್ನು ಸುತ್ತಿ ಬರಲು ಮೂರೇ ದಿನ ಸಾಕು. ಅಂದರೆ ಅದರ ಮೇಲೆ ಕೂತವರಿಗೆ ನಮ್ಮ ಮೂರು ದಿನಕ್ಕೇ ಒಂದು ವರ್ಷ.

‘ಅಯ್ಯೋ! ಹಾಗಾದ್ರೆ ನನಗಲ್ಲಿ ಎಷ್ಟು ವಯಸ್ಸೇ?’

‘ಹನ್ನೊಂದು ಸಾವಿರ ದಾಟಿದೆ.’

ಮುದುಕಿ ನಕ್ಕಳು. ಅಕ್ಕನೂ ನಕ್ಕಳು. ಡ್ರೈವರಿಗೆ ಏನೂ ಅರ್ಥವಾಗದೆ ಇಬ್ಬರನ್ನೂ ಬಿಟ್ಟು ಚಹಾ ಮಾಡಲು ಒಳಗೆ ಹೋದ. ನಗು ನಿಂತ ಮೇಲೆ ಮುದುಕಿ ಮೆಲ್ಲನೆ ಕೇಳಿದಳು.

‘ಇವರು ಹೋಗಿ ಒಂಬತ್ತು ವರ್ಷ ಆಯ್ತಲ್ಲ. ಅಲ್ಲಿ ಎಷ್ಟಾಗುತ್ತೆ?’

ಅಕ್ಕ ಮನಸ್ಸಿನಲ್ಲೇ ಗುಣಿಸಿ ಭಾಗಿಸಿದಳು. ಅಭ್ಯಾಸಬಲದಿಂದ ಇನ್ನೊಂದು ಸಲ ಸರಿನೋಡಿದಳು. ‘ಸಾವಿರ ವರ್ಷದ ಮೇಲೆ ಅಮ್ಮ’ ಎಂದಳು.

‘ಹೂಂ,’ ಎಂದಳು ಮೇಷ್ಟ್ರ ಹೆಂಡತಿ. ‘ನನಗೂ ಅಷ್ಟೇ ಅನ್ನಿಸ್ತಿತ್ತು ಕಣೇ.’